ಹನ್ನೆರಡೂವರೆಯ ಬಾದಾಮಿ

ಹನ್ನೊಂದು ವರ್ಷ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡ ಹೆಂಡತಿಯ ಮಾತಿಗೆ ಕಿವಿಗೊಡದ ಗಂಡ, ನಿನ್ನೆ ಮೊನ್ನೆ ಬಂದ ಹೆಂಗಸೊಬ್ಬಳು ಒಂದೇ ಒಂದು ಸಲ ಹೇಳಿದ್ದಕ್ಕೆ "ಹೌದಲ್ವಾ!" ಅಂದುಬಿಟ್ಟರೆ ಮನೆಯವಳ ಮೈಯಲ್ಲಿ ಏನೇನು ಏರುತ್ತದೆ, ಏನೇನು ಇಳಿಯುತ್ತದೆ ಎಂಬುದು ಯಾವ ರಕ್ತಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ. ಗೊತ್ತಾಗುವಂತಿದ್ದರೆ ಅತ್ತಿಗೆಯ ರಿಪೋರ್ಟು ನೋಡಿದ ಡಾಕ್ಟರು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು.

ಅತ್ತಿಗೆ ಎಂದರೆ ಬೈಂಡರಣ್ಣನ ಹೆಂಡತಿ. ಪ್ರೆಸ್ಸಿನವರೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದುದರಿಂದ ಇವಳು ಎಲ್ಲರಿಗೂ ಅತ್ತಿಗೆ; ನಾವೂ ಹಾಗೇ ಕರೆಯೋಣ. ಮುದ್ರಣವಾಗಿ ಬಂದ ಹಾಳೆಗಳನ್ನು ಮಡಿಚಿ, ಹೊಲಿದು, ಬೆನ್ನಿಗೆ ಅಂಟು ಸವರಿ, ಹೊದಿಕೆ ಹಾಕಿ, ಕೊನೆಗೆ ಕಟಿಂಗ್ ಮಷೀನಿನಲ್ಲಿ ಮೂರೂ ಅಂಚು ನೇರ ಮಾಡಿ ಪುಸ್ತಕ ಅನ್ನಿಸುವುದು ಬೈಂಡರಣ್ಣನ ಕೆಲಸ. ಪ್ರೆಸ್ಸು ಅದೇ ಬೀದಿಯ ತುದಿಯಲ್ಲಿತ್ತು. ಮನೆಯಿಂದ ನಾಲ್ಕು ನಿಮಿಷದ ನಡಿಗೆ. ಮಧ್ಯಾಹ್ನ ಒಂದು ಗಂಟೆಗೆ ಅವನು ಊಟಕ್ಕೆ ಮನೆಗೆ ಬರುತ್ತಿದ್ದ, ಒಂದು ಮುಕ್ಕಾಲಿಗೆ ಮರಳಿ ಹೋಗುತ್ತಿದ್ದ.

ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನದಿಂದ ಅತ್ತಿಗೆಗೆ ಬೇರೆ ಕೆಲಸವೇ ಇರಲಿಲ್ಲ. "ಅನ್ನ ಕಮ್ಮಿ ಮಾಡಿ ರೀ." "ಆಯ್ತು ಕಣೇ." "ಸಂಜೆ ಒಂದು ಸುತ್ತು ನಡೀರಿ." "ಆಯ್ತು ಕಣೇ." "ಟೀ ಅಂಗಡೀಲಿ ಸಕ್ಕರೆ ಬೇಡ ಅನ್ನಿ." "ಆಯ್ತು ಕಣೇ." ಈ 'ಆಯ್ತು ಕಣೇ' ಅವನ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು, ಅದನ್ನಂದ ಮೇಲೆ ಏನೂ ಆಗುತ್ತಿರಲಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡೆ ಎನ್ನುವುದಕ್ಕಷ್ಟೇ ಆ ಮಾತು. ಅನ್ನದ ಪಾತ್ರೆಗೆ ಮತ್ತೆ ಕೈ ಹೋಗುತ್ತಿತ್ತು. ಅತ್ತಿಗೆ ಪಾತ್ರೆಯನ್ನು ದೂರ ಇಟ್ಟರೆ ಅವನೂ ಮಣೆ ಸರಿಸಿಕೊಂಡು ಅದರ ಹತ್ತಿರ ಹೋಗುತ್ತಿದ್ದ.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳು ಅವಳು. ಹನ್ನೊಂದು ವರ್ಷದ ರಿಪೋರ್ಟುಗಳನ್ನು ದಾರ ಹಾಕಿ ಕಟ್ಟಿ ಇಟ್ಟುಕೊಂಡವಳು ಅವಳು. ಹೊಸ ಮಾತ್ರೆ ಬರೆದುಕೊಟ್ಟಾಗ ಡಾಕ್ಟರು ವಿವರ ಹೇಳಿದ್ದು ಕೂಡ ಅವಳಿಗೇ, ಏಕೆಂದರೆ ಬೈಂಡರಣ್ಣ ಆಗ ಡಾಕ್ಟರ ಮೇಜಿನ ಮೇಲಿದ್ದ ದಪ್ಪ ಪುಸ್ತಕದ ಹೊಲಿಗೆ ಬಿಟ್ಟಿದ್ದನ್ನು ನೋಡುತ್ತ ಕೂತಿದ್ದ. "ನೋಡಮ್ಮಾ, ಈ ಮಾತ್ರೆ ನುಂಗಿ ಕಾಲು ಗಂಟೇಲಿ ಊಟ ಆಗಲೇಬೇಕು. ಊಟ ತಪ್ಪಿದ್ರೆ ಸಕ್ಕರೆ ತೀರಾ ಇಳಿದುಬಿಡುತ್ತೆ. ಬೆವರು, ನಡುಕ, ಕಣ್ಣು ಕತ್ತಲೆ. ಆಗ ತಕ್ಷಣ ಬಾಯಿಗೆ ಸಕ್ಕರೆ ಹಾಕು." ಅತ್ತಿಗೆ ತಲೆಯಾಡಿಸಿದಳು. ಆ ದಿನದಿಂದ ಅವನು ಹನ್ನೆರಡು ಮುಕ್ಕಾಲಿಗೆ ಪ್ರೆಸ್ಸಿನಲ್ಲೇ ಮಾತ್ರೆ ನುಂಗುತ್ತಿದ್ದ, ಮನೆಯಲ್ಲಿ ಊಟ ಒಂದು ಗಂಟೆ ಅಂದರೆ ಒಂದು ಗಂಟೆ. ಮನೆಗೆ ಬೆಂಕಿ ಬಿದ್ದರೂ ತಟ್ಟೆಯಲ್ಲಿ ಅನ್ನ ಇರುತ್ತಿತ್ತು.

ಹೀಗಿರುವಾಗ ಪ್ರೆಸ್ಸಿಗೆ ಪ್ರೂಫ್ ಮೇಡಂ ಬಂದಳು. ಅಚ್ಚಿಗೆ ಹೋಗುವ ಮೊದಲು ಹಾಳೆಗಳನ್ನು ಓದಿ ತಪ್ಪು ತಿದ್ದುವುದು ಅವಳ ಕೆಲಸ. ಐವತ್ತರ ಆಸುಪಾಸು, ಗಂಡ ತೀರಿಕೊಂಡು ಬಹಳ ವರ್ಷವಾದವಳು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು. ಒಂದು ಪುಟದ ಮೇಲೆ ಕಣ್ಣು ಹಾಯಿಸಿದಳೆಂದರೆ ಮೂರು ಜನ ನೋಡಿಯೂ ಬಿಟ್ಟ ತಪ್ಪು ಅವಳಿಗೆ ಸಿಕ್ಕಿಬಿಡುತ್ತಿತ್ತು. ಅವಳಿಗೂ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮೊದಲು, ಸರಿಯಾಗಿ ಹನ್ನೆರಡೂವರೆಗೆ, ಮೇಜಿನ ಡ್ರಾಯರಿನಿಂದ ಡಬ್ಬಿ ತೆಗೆದು ಒಂದು ಹಿಡಿ ಬಾದಾಮಿ ತಿನ್ನುತ್ತಿದ್ದಳು.

"ಅದೇನು ಮೇಡಂ, ಊಟದ ಹೊತ್ತಲ್ಲಿ?" ಎಂದು ಬೈಂಡರಣ್ಣ ಒಂದು ದಿನ ಕೇಳಿದ.

"ಮೊದಲು ಇದು ಹೊಟ್ಟೆಗೆ ಹೋಗಿ ಕೂತ್ಕೊಂಡ್ರೆ, ಆಮೇಲೆ ಬರೋ ಅನ್ನ ಒಂದೇ ಸಲ ರಕ್ತಕ್ಕೆ ನುಗ್ಗಲ್ಲ ಅಣ್ಣಾ, ನಿಧಾನಕ್ಕೆ ಸೇರುತ್ತೆ. ಹಸಿವೂ ಅಡಗಿರುತ್ತೆ, ಅನ್ನ ತಾನಾಗೇ ಕಮ್ಮಿ ಆಗುತ್ತೆ. ನನಗಂತೂ ಗುಣ ಕಂಡಿದೆ. ನಿಮಗೂ ಕಾಣುತ್ತೆ ಅಂತ ನಾನು ಬರೆದುಕೊಡಲ್ಲ. ಬೇಕಿದ್ರೆ ನೋಡಿ. ಮಾತ್ರೆ ಮಾತ್ರ ಬಿಡಬೇಡಿ."

ಇಷ್ಟೇ. ಹನ್ನೊಂದು ವರ್ಷ ಎಲ್ಲಿ, ಈ ನಾಲ್ಕು ಮಾತು ಎಲ್ಲಿ! ಬೈಂಡರಣ್ಣ ಅಂದೇ ಶುರುಮಾಡಿದ.

ಮನೆಯಲ್ಲಿ ಅದು ಗೊತ್ತಾದದ್ದು ತಟ್ಟೆಯಿಂದ. ಎರಡನೆಯ ಸಲ ಬಡಿಸಲು ಅತ್ತಿಗೆ ಸೌಟು ಎತ್ತಿದಾಗ ಅವನು ಕೈ ಅಡ್ಡ ಹಿಡಿದ. "ಸಾಕು."

ಅತ್ತಿಗೆಯ ಕೈ ಅಲ್ಲೇ ನಿಂತಿತು. ಆ 'ಸಾಕು' ಒಂದನ್ನು ಕೇಳಬೇಕೆಂದು ಅವಳು ಎಷ್ಟು ಪಾಡು ಪಟ್ಟಿದ್ದಳು! ಈಗ ಬಂತು. ಬಂದ ಕೂಡಲೇ ಅವಳಿಗೆ ಹೊಳೆದ ಮೊದಲ ಪ್ರಶ್ನೆ, "ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಪ್ರೂಫ್ ಮೇಡಂ ಬಾದಾಮಿ ಕೊಡ್ತಾರೆ, ಅದನ್ನ ತಿಂದ್ಕೊಂಡು ಬರ್ತೀನಿ. ಹಸಿವು ಅಷ್ಟಿರಲ್ಲ," ಎಂದ ಪುಣ್ಯಾತ್ಮ. ಏನೂ ಮುಚ್ಚಿಡುವ ಜಾತಿಯೇ ಅಲ್ಲ ಅವನದು. ಮುಚ್ಚಿಟ್ಟಿದ್ದರೂ ವಾಸಿಯಿತ್ತು ಎಂದು ಅತ್ತಿಗೆಗೆ ಅನ್ನಿಸಿತು.

ಊಟಕ್ಕೆ ಬರುವ ಮೊದಲೇ ಇನ್ನೊಬ್ಬಳ ಕೈಯಿಂದ ತಿಂದು ಬರುತ್ತಾನೆ! ಅವಳು ಸಂಜೆಯವರೆಗೆ ಪಾತ್ರೆ ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಉಳಿದ ಅನ್ನವನ್ನು ನೋಡಿದಾಗಲೆಲ್ಲ ಯಾರೋ ತನ್ನ ಅಡುಗೆಗೆ ಮೂಗು ಮುರಿದ ಹಾಗೆ ಅನ್ನಿಸುತ್ತಿತ್ತು.

ದೂರದೂರಿನಲ್ಲಿದ್ದ ಮಗಳಿಗೆ ಫೋನು ಮಾಡಿದಳು. ಮಗಳು ಎಲ್ಲ ಕೇಳಿ, "ಒಳ್ಳೇದಾಯ್ತಲ್ಲಮ್ಮಾ, ಯಾರು ಹೇಳಿದ್ರೇನು, ಅಪ್ಪ ಕೇಳಿದ್ರಲ್ಲ," ಎಂದಳು.

"ಯಾರು ಹೇಳಿದ್ರೇನು ಅಂತೀಯಲ್ಲ! ನಾನೇನು ಗೋಡೆ ಜೊತೆ ಮಾತಾಡ್ತಿದ್ನಾ ಇಷ್ಟು ವರ್ಷ?"

"ಅಮ್ಮಾ, ನಿನಗೆ ಹೊಟ್ಟೆಕಿಚ್ಚು."

"ನನಗಾ? ಆ ಕನ್ನಡಕದವಳ ಮೇಲಾ? ನನಗೇನು ಬೇರೆ ಕೆಲಸ ಇಲ್ವಾ?" ಎಂದು ಅತ್ತಿಗೆ ಫೋನು ಇಟ್ಟಳು. ಇಟ್ಟ ಮೇಲೆ ಒಪ್ಪಿಕೊಂಡಳು, ತನ್ನಷ್ಟಕ್ಕೆ. ಹೌದು, ಹೊಟ್ಟೆಕಿಚ್ಚೇ. ಅವರಿಬ್ಬರ ನಡುವೆ ಏನೋ ಇದೆ ಎಂಬ ಅನುಮಾನ ಅವಳಿಗೆ ಒಂದು ಗಳಿಗೆಯೂ ಬಂದಿರಲಿಲ್ಲ. ಅಂಥ ಅನುಮಾನವಾಗಿದ್ದರೆ ಜಗಳ ಮಾಡಿ ಮುಗಿಸಬಹುದಿತ್ತು. ಇದು ಅದಕ್ಕಿಂತ ಕೆಟ್ಟದ್ದು. ಗಂಡನ ಜೀವ ಕಾಯುವುದು ತನ್ನ ಕೆಲಸವಾಗಿತ್ತು, ಆ ಕೆಲಸವನ್ನು ಯಾರೋ ಕೇಳದೆ ಎತ್ತಿಕೊಂಡು ಹೋಗಿದ್ದರು, ಮತ್ತು ತನಗಿಂತ ಚೆನ್ನಾಗಿ ಮಾಡುತ್ತಿದ್ದರು.

ಸೋಲು ಒಪ್ಪುವ ಹೆಂಗಸಲ್ಲ ಅತ್ತಿಗೆ. ತಾನೂ ಬಾದಾಮಿ ತಂದಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದರ ಸಿಪ್ಪೆಯನ್ನೂ ಉಗುರಿನಲ್ಲಿ ಸುಲಿದು, ಬೆಳ್ಳಗೆ ಹೊಳೆಯುವಂತೆ ಮಾಡಿ ಡಬ್ಬಿಗೆ ಹಾಕಿ ಕೊಟ್ಟಳು. ಸಂಜೆ ಡಬ್ಬಿ ಹಾಗೇ ವಾಪಸು ಬಂತು.

"ಸಿಪ್ಪೆ ತೆಗೀಬಾರದಂತೆ ಕಣೇ, ಅದರಲ್ಲೇ ಸತ್ವ ಇರೋದಂತೆ. ಮೇಡಂ ಅಂದ್ರು."

"ಮೇಡಂ ಅಂದ್ರಾ," ಎಂದು ಅತ್ತಿಗೆ ಆ ಬಾದಾಮಿಯನ್ನೆಲ್ಲ ತಾನೇ ಅಗಿದು ನುಂಗಿದಳು. ಬಾಯಿಗೆ ರುಚಿಯೇ ತಿಳಿಯಲಿಲ್ಲ.

ಮೂರು ತಿಂಗಳಿಗೆ ರಕ್ತ ಪರೀಕ್ಷೆಯಾಯಿತು. ಊಟದ ನಂತರದ ಸಕ್ಕರೆ ಯಾವಾಗಲೂ ಇನ್ನೂರ ನಲವತ್ತು, ಇನ್ನೂರ ಅರವತ್ತು ಎಂದು ಓಡಾಡುತ್ತಿದ್ದದ್ದು ನೂರ ಎಪ್ಪತ್ತಕ್ಕೆ ಇಳಿದಿತ್ತು. ಡಾಕ್ಟರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಭೇಷ್! ಏನ್ ಮಾಡಿದ್ರಿ?"

ಪಕ್ಕದ ಕುರ್ಚಿಯಲ್ಲಿ ಹನ್ನೊಂದು ವರ್ಷದ ರಿಪೋರ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಿಗೆ ಕೂತಿದ್ದಳು. ಬೈಂಡರಣ್ಣ ಮುಖ ಅರಳಿಸಿ, "ನಮ್ಮ ಪ್ರೆಸ್ಸಲ್ಲಿ ಒಬ್ಬರು ಮೇಡಂ ಇದಾರೆ ಸಾರ್..." ಎಂದು ಶುರುಮಾಡಿದ. ಅತ್ತಿಗೆ ರಿಪೋರ್ಟಿನ ದಾರವನ್ನು ಬಿಚ್ಚಿದಳು, ಕಟ್ಟಿದಳು, ಬಿಚ್ಚಿದಳು. ಡಾಕ್ಟರು ಆ ಮೇಡಮ್ಮನ್ನು ಬಾಯಿ ತುಂಬ ಹೊಗಳಿದರು. "ನೀವೂ ಸ್ವಲ್ಪ ನೋಡಿ ಕಲೀರಮ್ಮಾ," ಎಂದು ಇವಳ ಕಡೆಗೂ ಒಂದು ಮಾತು ಎಸೆದರು. ಆ ಮಾತು ಅವಳ ಎದೆಯಲ್ಲಿ ನೆಟ್ಟುಕೊಂಡಿತು.

ಇದಾಗಿ ಹತ್ತು ದಿನಕ್ಕೆ ಅವನು ಮಾತ್ರೆಯನ್ನು ಮನೆಯಲ್ಲೇ ಮರೆತು ಹೋದ. ಹನ್ನೆರಡೂವರೆಗೆ ಅದು ಅತ್ತಿಗೆಯ ಕಣ್ಣಿಗೆ ಬಿತ್ತು. ಅನ್ನ ಬೆಂದಿತ್ತು, ಬೇಳೆ ಕುದಿಯುತ್ತಿತ್ತು. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಮಾತ್ರೆಯ ಹಾಳೆ ಹಿಡಿದು ಓಡಿದಳು.

ಪ್ರೆಸ್ಸಿನ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಬೈಂಡರಣ್ಣ ಪುಸ್ತಕಗಳ ಬೆನ್ನಿಗೆ ಅಂಟು ಸವರುತ್ತಿದ್ದ. ಎರಡೂ ಕೈ ಮೊಣಕೈವರೆಗೆ ಅಂಟಾಗಿತ್ತು. ಅಂಟು ಒಣಗುವ ಮೊದಲು ಹೊದಿಕೆ ಹಾಕಬೇಕು, ನಡುವೆ ಕೈ ತೊಳೆಯಲು ಹೋಗುವ ಹಾಗಿಲ್ಲ, ಅದು ಅತ್ತಿಗೆಗೂ ಗೊತ್ತಿದ್ದ ವಿಷಯ. ಆದ್ದರಿಂದ ಪ್ರೂಫ್ ಮೇಡಂ ಒಂದು ಚೂರು ಕಾಗದವನ್ನು ಪೊಟ್ಟಣ ಮಾಡಿ ಅದರಲ್ಲಿ ಬಾದಾಮಿ ತುಂಬಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಅವನು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಮಾಡಿ, ಬಾಯಿ ಆ ಎಂದು ತೆರೆದ. ಅವಳು ಪೊಟ್ಟಣ ಬಗ್ಗಿಸಿ ಎರಡು ಬಾದಾಮಿ ಉದುರಿಸಿದಳು. ಅವನು ಅಗಿದ. ಮತ್ತೆ ಬಾಯಿ ತೆರೆದ. ಕೋಣೆಯಲ್ಲಿ ಹಾಳೆ ಮಡಿಚುತ್ತಿದ್ದ ಇಬ್ಬರು ಹೆಂಗಸರು ಅದನ್ನು ನೋಡಿಯೂ ನೋಡದವರಂತೆ ತಮ್ಮ ಪಾಡಿಗೆ ಮಡಿಚುತ್ತಿದ್ದರು. ದಿನವೂ ನಡೆಯುವುದೇ ಇರಬೇಕು.

"ಓ, ಅತ್ತಿಗೆ! ಬನ್ನಿ ಬನ್ನಿ," ಎಂದಳು ಪ್ರೂಫ್ ಮೇಡಂ, ನಗುತ್ತ. "ನೋಡಿ, ನಿಮ್ಮ ಯಜಮಾನರಿಗೆ ಮಗೂ ಥರ ತಿನ್ನಿಸಬೇಕು."

ಅತ್ತಿಗೆ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮೇಡಮ್ಮನೇ ಒಂದು ಮಾತ್ರೆ ಬಿಡಿಸಿ ಅವನ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದಳು. ಗಡಿಯಾರದಲ್ಲಿ ಆಗ ಹನ್ನೆರಡು ಮುಕ್ಕಾಲು. "ಬರ್ತೀನಿ ನಡಿ, ಇದೊಂದು ಸಾಲು ಮುಗಿಸಿ," ಎಂದ ಬೈಂಡರಣ್ಣ. ಅತ್ತಿಗೆ ತಿರುಗಿ ನಡೆದಳು.

ನಾಲ್ಕು ನಿಮಿಷದ ದಾರಿಯಲ್ಲಿ ಅವಳಿಗೆ ಬೀದಿ ಕಾಣಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಗಂಡಸು ತನ್ನೆದುರು ಒಂದು ದಿನವಾದರೂ ಹಾಗೆ ಕಣ್ಣು ಮುಚ್ಚಿ ಬಾಯಿ ತೆರೆದಿದ್ದನೇ? ಜ್ವರ ಬಂದಾಗ ಗಂಜಿ ಕುಡಿಸಲು ಹೋದರೂ "ಇಡು, ನಾನೇ ಕುಡೀತೀನಿ" ಎನ್ನುತ್ತಿದ್ದವನು! ಅಲ್ಲಿ ಹಕ್ಕಿಮರಿ ಆಗಿದಾನೆ. ಆಗಲಿ. ಅವಳ ಬಾದಾಮಿಯಿಂದಲೇ ಹೊಟ್ಟೆ ತುಂಬುವುದಾದರೆ ತುಂಬಲಿ, ನೋಡೇಬಿಡೋಣ.

ಒಂದು ಗಂಟೆಗೆ ಅವನು ಬಂದು ಕೈಕಾಲು ತೊಳೆದು ಮಣೆಯ ಮೇಲೆ ಕೂತಾಗ ತಟ್ಟೆ ಇರಲಿಲ್ಲ.

"ಊಟ ಇನ್ನೂ ಆಗಿಲ್ಲ," ಎಂದಳು ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಗ್ಯಾಸ್ ಮುಗಿದುಹೋಯ್ತು. ಪಕ್ಕದವರನ್ನ ಕೇಳಿದೀನಿ. ಹೊತ್ತಾಗುತ್ತೆ."

ಅನ್ನದ ಪಾತ್ರೆ ಅವಳ ಬೆನ್ನ ಹಿಂದೆ, ಮುಚ್ಚಳದ ಕೆಳಗೆ, ಬೆಚ್ಚಗೆ ಕೂತಿತ್ತು.

"ಅಯ್ಯೋ, ಅಷ್ಟೇನಾ? ಪರವಾಗಿಲ್ಲ ಬಿಡು. ಬಾದಾಮಿ ತಿಂದಿದೀನಲ್ಲ, ಹಸಿವೇನಿಲ್ಲ," ಎನ್ನುತ್ತ ಅವನು ಎದ್ದ. "ಸಂಜೆಗೆ ಐನೂರು ಪುಸ್ತಕ ಹೋಗಬೇಕು. ಕಟಿಂಗ್ ಮುಗಿಸಿ ಎರಡೂವರೆಗೆ ಬರ್ತೀನಿ."

ಹಸಿವೇನಿಲ್ಲ! ಆ ಮಾತು ಆಡದೆ ಇದ್ದಿದ್ದರೆ ಅವಳು ಬಹುಶಃ ತಡೆಯುತ್ತಿದ್ದಳು. "ಹೋಗಿಬನ್ನಿ," ಎಂದುಬಿಟ್ಟಳು. ಅವನು ಚಪ್ಪಲಿ ಮೆಟ್ಟಿ ಹೋದ. ಅತ್ತಿಗೆ ಒಳಗೆ ಬಂದು, ಮುಚ್ಚಳ ತೆಗೆದು, ಅನ್ನವನ್ನು ನೋಡುತ್ತ ನಿಂತಳು. ಗೆದ್ದೆ ಎಂದುಕೊಂಡಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಆಮೇಲೆ ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು: ಒಂದು ಇಪ್ಪತ್ತೈದು. ಮಾತ್ರೆ ನುಂಗಿದ್ದು ಹನ್ನೆರಡು ಮುಕ್ಕಾಲಿಗೆ. ಕಾಲು ಗಂಟೇಲಿ ಊಟ ಆಗಲೇಬೇಕು. ಕಟಿಂಗ್ ಮುಗಿಸಿ ಬರ್ತೀನಿ ಅಂದಿದ್ದಾನೆ. ಕಟಿಂಗ್!

ಆ ಮಷೀನು ಹಳೆಯದು. ಕಾಗದದ ರಾಶಿಯನ್ನು ಕೈಯಿಂದ ಒಳಗೆ ತಳ್ಳಿ, ಸರಿಮಾಡಿ, ಕೈ ತೆಗೆದು, ಕಾಲಿನಿಂದ ಪೆಡಲ್ ಒತ್ತಬೇಕು. ಒತ್ತಿದರೆ ಬ್ಲೇಡು ಇಳಿಯುತ್ತದೆ. ಕೈ ತೆಗೆದಾಯಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಅತ್ತಿಗೆಗೆ ಆಮೇಲೆ ನೆನಪಿದ್ದದ್ದು ಇಷ್ಟೇ: ಸಕ್ಕರೆಯ ಡಬ್ಬಿ ಕಂಕುಳಲ್ಲಿ, ಅನ್ನದ ಕ್ಯಾರಿಯರ್ ಕೈಯಲ್ಲಿ, ಕಾಲಲ್ಲಿ ಚಪ್ಪಲಿ ಇಲ್ಲ. ಕ್ಯಾರಿಯರಿಗೆ ಅನ್ನ ಯಾವಾಗ ತುಂಬಿದಳೋ ಅವಳಿಗೇ ತಿಳಿಯದು.

ಬೈಂಡರಣ್ಣ ಮಷೀನಿನ ಮುಂದೆ ನಿಂತಿದ್ದ. ಬೆನ್ನಿನ ಅಂಗಿ ಒದ್ದೆಯಾಗಿತ್ತು. ಕಾಗದದ ರಾಶಿಯ ಮೇಲೆ ಎರಡೂ ಕೈ ಇಟ್ಟು ಸರಿಮಾಡುತ್ತಲೇ ಇದ್ದ. ಸರಿಯಾಗಿದ್ದುದನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದ. ಬೆರಳು ನಡುಗುತ್ತಿದ್ದವು. ಕಾಲು ಪೆಡಲಿನ ಮೇಲೆ ಇತ್ತು. ಕೋಣೆಯಲ್ಲಿದ್ದವರಿಗೆ ಅವನು ಕೆಲಸದಲ್ಲಿ ಮುಳುಗಿದ್ದಾನೆ ಎಂದೇ ಕಂಡಿರಬೇಕು.

"ಕಾಲು ತೆಗೀರೀ!" ಎಂದು ಅತ್ತಿಗೆ ಕಿರುಚಿದ ಸದ್ದಿಗೆ ಹಾಳೆ ಮಡಿಚುವವರು ಎದ್ದುನಿಂತರು. ಅವಳು ಅವನ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಅವನ ಕಣ್ಣು ಎಲ್ಲೋ ಇತ್ತು. ಅವಳು ಸಕ್ಕರೆಯನ್ನು ಮುಷ್ಟಿಯಲ್ಲಿ ತೆಗೆದು ಅವನ ಬಾಯಿಗೆ ತುರುಕಿದಳು, ತುಟಿಗೆ ಸವರಿದಳು, ನೀರು ತನ್ನಿ ಎಂದಳು, ಮತ್ತೆ ತುರುಕಿದಳು. ಹತ್ತು ನಿಮಿಷಕ್ಕೆ ಅವನ ಬೆವರು ನಿಂತಿತು. ಹದಿನೈದು ನಿಮಿಷಕ್ಕೆ, "ಏನಾಯ್ತೇ? ನೀನ್ಯಾಕೆ ಇಲ್ಲಿ?" ಎಂದ.

ಪ್ರೆಸ್ಸೆಲ್ಲ ಸೇರಿತು. ಮಾಲೀಕ ಬಂದ. ಎಲ್ಲರ ಬಾಯಲ್ಲೂ ಅತ್ತಿಗೆಯೇ. "ಹೇಗೆ ಗೊತ್ತಾಯ್ತು ಅತ್ತಿಗೆ ನಿಮಗೆ, ಮನೇಲಿ ಕೂತು?" "ಇನ್ನೊಂದು ನಿಮಿಷ ಆಗಿದ್ರೆ ಎರಡೂ ಕೈ..." "ಕಟ್ಟಿಕೊಂಡವಳು ಅಂದ್ರೆ ಇವರಪ್ಪಾ!" ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ಅದನ್ನೂ ಅವರು ವಿನಯ ಎಂದುಕೊಂಡರು.

ಪ್ರೂಫ್ ಮೇಡಂ ಒಬ್ಬಳೇ ಪಕ್ಕದಲ್ಲಿ ಮಂಡಿಯೂರಿ ಕೂತು ಕೇಳಿದಳು. "ಮನೆಗೆ ಹೋಗಿ ಬಂದ್ರಲ್ಲ ಅಣ್ಣಾ. ಊಟ ಮಾಡ್ಲಿಲ್ವಾ?"

"ಗ್ಯಾಸ್ ಮುಗಿದಿತ್ತು ಮೇಡಂ. ಅಡುಗೆ ಆಗಿರಲಿಲ್ಲ."

ಮೇಡಂ ಅವನಿಗೆ ಊಟ ಕೊಡಲೆಂದು ಕ್ಯಾರಿಯರ್ ಬಿಚ್ಚಿದಳು. ಮೇಲಿನ ಡಬ್ಬಿಯಲ್ಲಿ ಅನ್ನ. ಒಲೆಯಿಂದ ಇಳಿಸಿ ಗಂಟೆ ಮೇಲಾಗಿ, ಅಂಚೆಲ್ಲ ಗಟ್ಟಿಯಾಗಿ, ಡಬ್ಬಿಯ ಆಕಾರಕ್ಕೆ ಹೊಂದದೆ ಪಾತ್ರೆಯ ಆಕಾರದಲ್ಲೇ ತುಂಡುತುಂಡಾಗಿ ನಿಂತಿದ್ದ ಅನ್ನ. ಅವಳು ಅದನ್ನು ನೋಡಿದಳು. ಬೆರಳಿನಿಂದ ಮುಟ್ಟಿದಳು. ಆಮೇಲೆ ಅತ್ತಿಗೆಯ ಮುಖ ನೋಡಿದಳು. ಮೂರು ಜನರಿಗೆ ಕಾಣದ ತಪ್ಪು ಕಾಣುವ ಕಣ್ಣು ಅದು.

ಅತ್ತಿಗೆ ಕಾದಳು. ಇನ್ನೇನು ಅಂದುಬಿಡುತ್ತಾಳೆ, ಎಲ್ಲರ ಮುಂದೆ.

"ತಿನ್ನಿ ಅಣ್ಣಾ," ಎಂದಳು ಪ್ರೂಫ್ ಮೇಡಂ, ಮತ್ತು ಎದ್ದು ತನ್ನ ಮೇಜಿಗೆ ಹೋದಳು.

ಅಂದಿನಿಂದ ಬೈಂಡರಣ್ಣ ಬದಲಾದ. ಬಾದಾಮಿ ಬಿಟ್ಟ. "ಆ ಬಾದಾಮಿಯಿಂದಲೇ ಆಗಿದ್ದು ಕಣೇ," ಎಂದ. "ಹೊಟ್ಟೆ ತುಂಬಿದ ಹಾಗಿತ್ತು, ಹಸಿವು ಗೊತ್ತಾಗ್ಲಿಲ್ಲ. ಹಸಿವಾಗಿದ್ರೆ ನಾನು ಹಾಗೆ ಎದ್ದು ಹೋಗ್ತಿದ್ನಾ? ಇನ್ಮೇಲೆ ನೀನು ಹೇಳಿದ್ದೇ ವೇದವಾಕ್ಯ." ಪ್ರೆಸ್ಸಿನಲ್ಲೂ ಹಾಗೇ ಹೇಳಿದ, ಮೇಡಮ್ಮನ ಎದುರಿಗೇ ಹೇಳಿದ. ಮಾಲೀಕ ಅವಳನ್ನು ಕರೆದು, "ಡಾಕ್ಟರಿಕೆ ಮಾಡೋದು ನಿಮ್ಮ ಕೆಲಸ ಅಲ್ಲ, ಪ್ರೂಫ್ ನೋಡಿ ಸಾಕು," ಎಂದನಂತೆ. ಹಾಳೆ ಮಡಿಚುವವರು ಅವಳ ಜೊತೆ ಮಾತು ಕಮ್ಮಿ ಮಾಡಿದರಂತೆ. ಇದನ್ನೆಲ್ಲ ಬೈಂಡರಣ್ಣ ಮನೆಯಲ್ಲಿ ಊಟ ಮಾಡುತ್ತ ಹೇಳುತ್ತಿದ್ದ, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತ.

"ಅದಕ್ಕವಳು ಏನಂದ್ಲು?" ಎಂದು ಅತ್ತಿಗೆ ಪ್ರತಿದಿನ ಕೇಳುತ್ತಿದ್ದಳು.

"ಏನೂ ಅನ್ನಲಿಲ್ಲಪ್ಪ."

ಮೊದಲ ವಾರ ಅತ್ತಿಗೆಗೆ ಹಾಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಬಯಸಿದ್ದೆಲ್ಲ ಸಿಕ್ಕಿತ್ತು. ಗಂಡ ತನ್ನ ಮಾತೊಂದೇ ಕೇಳುತ್ತಿದ್ದ, ಊರೆಲ್ಲ ಹೊಗಳುತ್ತಿತ್ತು. ಎರಡನೆಯ ವಾರದಿಂದ 'ಏನೂ ಅನ್ನಲಿಲ್ಲ' ಎಂಬುದು ಅವಳನ್ನು ತಿನ್ನತೊಡಗಿತು. ಯಾಕೆ ಅನ್ನುವುದಿಲ್ಲ ಅವಳು? ಒಂದು ಮಾತು ಸಾಕಲ್ಲ! ನಾನಾಗಿದ್ದರೆ ಡಂಗುರ ಹೊಡೆಸುತ್ತಿದ್ದೆ. ಬೈಸಿಕೊಂಡು ಸುಮ್ಮನಿದ್ದಾಳಲ್ಲ, ಯಾರಿಗೋಸ್ಕರ? ನನಗೋಸ್ಕರ? ನಾನು ಕೇಳಿದೆನಾ? ಬಾಯಿ ಮುಚ್ಚಿಕೊಂಡಿರುವುದರಲ್ಲೂ ಅವಳೇ ಒಂದು ಕೈ ಮೇಲಾಗಿಬಿಟ್ಟಳು. ಇದು ಅತ್ತಿಗೆಯನ್ನು ಬಾದಾಮಿಗಿಂತ ಹೆಚ್ಚಾಗಿ ಉರಿಸಿತು.

ಅತ್ತ ಸಕ್ಕರೆ ಮತ್ತೆ ಇನ್ನೂರ ಐವತ್ತಕ್ಕೆ ಹೋಯಿತು. ಅವನ ಪಾದ ಜುಮುಗುಟ್ಟತೊಡಗಿತು. ಅತ್ತಿಗೆ ತಾನೇ ಸಿಪ್ಪೆ ಸಮೇತ ಬಾದಾಮಿ ತಂದು ಕೈಗಿಟ್ಟಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಬೇಡಮ್ಮಾ ತಾಯಿ. ನನ್ನ ಕೈ ಎರಡೂ ಹೋಗ್ತಿತ್ತು ಅದರಿಂದ."

ಅವಳು ಒಂದು ವಾರ ಒಲೆಯ ಮುಂದೆ ನಿಂತು ಯೋಚಿಸಿದಳು. ಹೇಳದೆ ಇದ್ದರೆ ಅವನು ಬಾದಾಮಿ ಮುಟ್ಟುವುದಿಲ್ಲ. ಹೇಳಿದರೆ ತನ್ನನ್ನು ಮುಟ್ಟುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಅವನು ಉಂಡು ಕೈ ತೊಳೆದು ಬಂದ ಮೇಲೆ, ಹೇಳಿದಳು.

"ಅವತ್ತು ಗ್ಯಾಸ್ ಮುಗಿದಿರಲಿಲ್ಲ."

"ಯಾವತ್ತು?"

"ಅವತ್ತು. ಅನ್ನ ಆಗಿತ್ತು. ಪಾತ್ರೆ ನನ್ನ ಹಿಂದೇನೇ ಇತ್ತು. ಅವಳು ನಿಮಗೆ ತಿನ್ನಿಸೋದು ನೋಡಿ ನನಗೆ ತಡೆಯೋಕಾಗ್ಲಿಲ್ಲ. ಹಸ್ಕೊಂಡಿರಲಿ ಅಂತ ಬಡಿಸ್ಲಿಲ್ಲ. ಮಾತ್ರೆ ನುಂಗಿದೀರಿ ಅಂತ ಗೊತ್ತಿತ್ತು, ಆಗ ನೆನಪಾಗ್ಲಿಲ್ಲ. ಇಲ್ಲ... ನೆನಪಿತ್ತೋ ಏನೋ. ಬಾದಾಮಿದೇನೂ ತಪ್ಪಿಲ್ಲ. ಅವಳದೂ ಇಲ್ಲ. ಅವಳಿಗೆ ಅವತ್ತೇ ಗೊತ್ತಾಗಿದೆ, ನನ್ನ ಮಾನ ಕಾಯ್ಕೊಂಡು ಕೂತಿದಾಳೆ."

ಬೈಂಡರಣ್ಣ ತನ್ನ ಎರಡು ಕೈಗಳನ್ನು ನೋಡಿಕೊಂಡ. ಬೈಯಲಿಲ್ಲ. 'ಆಯ್ತು ಕಣೇ' ಎನ್ನಲೂ ಇಲ್ಲ. ಎದ್ದು ಹೊರಗೆ ಹೋದ, ಸಂಜೆಗೆ ಬಂದ.

ಮಾರನೆಯ ದಿನ ಪ್ರೆಸ್ಸಿನಲ್ಲಿ ಮೇಡಮ್ಮನ ಹತ್ತಿರ ಹೋಗಿ, ತಪ್ಪು ನಂದು ಎಂದು ಎಲ್ಲರ ಎದುರು ಹೇಳಿದನಂತೆ. ಹೆಂಡತಿಯ ಹೆಸರು ಎತ್ತಲಿಲ್ಲವಂತೆ. ಹನ್ನೆರಡೂವರೆಗೆ ಬಾದಾಮಿ ತಿಂದನಂತೆ. ಹಾಳೆ ಮಡಿಚುವವಳೊಬ್ಬಳು ಆಮೇಲೆ ದಾರಿಯಲ್ಲಿ ಸಿಕ್ಕಾಗ ಅತ್ತಿಗೆಗೆ ಇದು ತಿಳಿಯಿತು.

ಅಂದು ಒಂದು ಗಂಟೆಗೆ ಅವನು ಮನೆಗೆ ಬಂದ. ಕೈಕಾಲು ತೊಳೆದ. ಅತ್ತಿಗೆ ಹತ್ತು ನಿಮಿಷ ಮೊದಲೇ ತಟ್ಟೆ ಇಟ್ಟು, ಸೌಟು ಹಿಡಿದು ಕಾದಿದ್ದಳು. ಅವನು ಮಣೆಯ ಮೇಲೆ ಕೂರಲಿಲ್ಲ. ನೇರ ಅಡುಗೆಮನೆಗೆ ನಡೆದ. ಮೂವತ್ತೊಂದು ವರ್ಷದಲ್ಲಿ ಆ ಹೊಸ್ತಿಲು ದಾಟಿ ಊಟಕ್ಕೆ ಅಂತ ಒಳಗೆ ಬಂದವನಲ್ಲ. ಅವಳ ಕೈಯಿಂದ ಸೌಟು ತೆಗೆದುಕೊಂಡ, ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡ. ಮುಚ್ಚಳ ಎತ್ತಿ ತನಗೆ ಬೇಕಾದಷ್ಟು ಅನ್ನ ಹಾಕಿಕೊಂಡ, ಬೇಳೆ ಹಾಕಿಕೊಂಡ.

"ನಾನು ಬಡಿಸ್ತೀನಲ್ಲ," ಎಂದಳು ಅತ್ತಿಗೆ.

"ಇರಲಿ."

"ಸಿಟ್ಟಾ?"

"ಸಿಟ್ಟಿಲ್ಲ ಕಣೇ. ಸಿಟ್ಟಾಗಿದ್ರೆ ನಿನ್ನ ಬೈದು ಮುಗಿಸ್ತಿದ್ದೆ." ಅವನು ಅವಳ ಮುಖ ನೋಡಲಿಲ್ಲ, ಗೋಡೆಯ ಗಡಿಯಾರ ನೋಡಿದ. "ಹೆದರಿಕೆ."

"ಉಪ್ಪೆಲ್ಲಿದೆ?" ಎಂದು ಆಮೇಲೆ ಕೇಳಿದ. ಅವಳು ಕಪಾಟು ತೋರಿಸಿದಳು. ಅವನೇ ತೆಗೆದುಕೊಂಡು, ಹೋಗಿ ಕೂತು, ಉಣ್ಣಲು ಶುರುಮಾಡಿದ. ಅರ್ಧ ಗಂಟೆಯ ಹಿಂದೆ ಪ್ರೆಸ್ಸಿನಲ್ಲಿ ಮೇಡಮ್ಮನೆದುರು ಕಣ್ಣು ಮುಚ್ಚಿ ಬಾಯಿ ತೆರೆದಿರುತ್ತಾನೆ ಎಂದು ಅತ್ತಿಗೆಗೆ ಯಾರೂ ಹೇಳಬೇಕಾಗಿರಲಿಲ್ಲ. ಇಲ್ಲಿ ಒಂದೊಂದು ತುತ್ತಿಗೂ ಗಡಿಯಾರ ನೋಡುತ್ತಿದ್ದ.